ಸತ್ತ ಆಕಳಿನ ರಾಜಿ ಕಾಗದಕ್ಕೆ ಸಹಿ ಹಾಕುವ ಮುನ್ನ

ಪ್ರತಿ ಸಲ ಕೆಚ್ಚಲು ಬಾವು, ಲಸಿಕೆ, ಖನಿಜ ಮಿಶ್ರಣ ಅಂತ ಬರೆಯುತ್ತಿದ್ದ ನಾನು ಈ ಸಲ ಒಂದು ಕಾಗದದ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯರಿಗೂ ಕಾಗದಕ್ಕೂ ಏನು ಸಂಬಂಧ ಎಂದು ಅನಿಸಬಹುದು. ಕೊನೆತನಕ ಓದಿ. ಓದಲು ಬಾರದ ಸದಸ್ಯರಿಗೆ ಸಂಘದ ಕಾರ್ಯದರ್ಶಿಯವರು ಸಂಜೆ ಹಾಲು ಹಾಕುವ ಹೊತ್ತಿನಲ್ಲಿ ಓದಿ ಹೇಳಿದರೆ ಇನ್ನೂ ಒಳ್ಳೆಯದು.

ಮುಂಡರಗಿ ತಾಲ್ಲೂಕಿನ ಹೊಳೆಸಾಲಿನ ಒಂದು ಊರಿನಿಂದ ಒಂದು ಬೆಳಿಗ್ಗೆ ನನಗೆ ಫೋನ್ ಬಂತು. ಎಮ್ಮೆ ಬೆಳಗಿನ ದಾಣಿ ತಿಂದು ಅರ್ಧ ತಾಸಾಗಿತ್ತಷ್ಟೇ, ಮೈ ನಡುಗಲು ಶುರುವಾಗಿ, ಬಾಯಲ್ಲಿ ನೊರೆ ಬಂದು, ಹೊಟ್ಟೆ ಉಬ್ಬಿ ಬಿದ್ದಿತ್ತು. ನಾನು ಹೋಗಿ ಮುಟ್ಟುವಷ್ಟರಲ್ಲಿ ಸತ್ತಿತ್ತು. ಮರಣೋತ್ತರ ಪರೀಕ್ಷೆಗೆ ಹೊಟ್ಟೆ ಕೊಯ್ದಾಗ ಕಣ್ಣಿಗೆ ಚುರುಕು ಹತ್ತುವಂಥ ಅಮೋನಿಯಾ ವಾಸನೆ ಬಂತು. ಯೂರಿಯಾ ಹೆಚ್ಚಾಗಿ ಸೇರಿದ ಆಹಾರ ತಿಂದಾಗ ಹೀಗಾಗುತ್ತದೆ. ಸರಿಯಾಗಿ ಬೆರೆಸಿದ ಅಲ್ಪ ಪ್ರಮಾಣದ ಯೂರಿಯಾ ದನದ ಹೊಟ್ಟೆಯಲ್ಲಿ ಪ್ರೋಟೀನ್ ಆಗುತ್ತದೆ. ಬೆರಕೆ ಸರಿಯಾಗದೆ ಒಂದೇ ಚೀಲದಲ್ಲಿ ಗಂಟುಗಟ್ಟಿ ಬಂದರೆ ಅದೇ ಯೂರಿಯಾ ಒಂದೆರಡು ತಾಸಿನಲ್ಲಿ ಜೀವ ತೆಗೆಯುತ್ತದೆ.

ಅಲ್ಲಿ ನಿಂತಿದ್ದ ಒಬ್ಬ ಅಜ್ಜಿ ಅಂದರು: "ಮೇಡಮ್ಮಾರ, ನಮ್ಮ ಬೀಗರ ಊರಾಗೂ ಎರಡ ತಿಂಗಳ ಹಿಂದ ಒಂದ ಆಕಳ ಹಿಂಗ ಸತ್ತಿತ್ತರಿ. ಅಂಗಡಿಯವ್ರು ಬಂದು ರೊಕ್ಕ ಕೊಟ್ಟು ಮುಗಿಸಿಬಿಟ್ರು."

ವಾಪಸು ಬರುವಾಗ ಆ ಊರಿಗೆ ಹೋದೆ. ಆ ಮನೆಯ ತಾಯಿ ಬಹಳ ಹೊತ್ತು ಬಾಯಿ ಬಿಡಲಿಲ್ಲ. ಚಹಾ ಕೊಟ್ಟರು, ಮಳೆ ಬೆಳೆ ಮಾತಾಡಿದರು. ಕೊನೆಗೆ ಟ್ರಂಕಿನಿಂದ ಒಂದು ಬಾಂಡ್ ಕಾಗದದ ಜೆರಾಕ್ಸ್ ತೆಗೆದು ಕೊಟ್ಟರು. ಅದರಲ್ಲಿ ಮೂರು ಮಾತು ಇದ್ದವು. ಆಕಳು ತನ್ನ ಸ್ವಂತ ಕಾಯಿಲೆಯಿಂದ ಸತ್ತಿದೆ. 20,000 ರೂಪಾಯಿಯನ್ನು ಮಾನವೀಯತೆಯಿಂದ ಕೊಡಲಾಗಿದೆ. ಈ ವಿಷಯವನ್ನು ಡಾಕ್ಟರು, ಡೇರಿ, ಪೊಲೀಸ್, ಪತ್ರಿಕೆ ಯಾರ ಮುಂದೆಯೂ ಹೇಳತಕ್ಕದ್ದಲ್ಲ. ಹೇಳಿದಲ್ಲಿ ಹಣವನ್ನು ಬಡ್ಡಿಸಮೇತ ಹಿಂತಿರುಗಿಸತಕ್ಕದ್ದು. ಕೆಳಗೆ ಆ ತಾಯಿಯ ಹೆಬ್ಬೆಟ್ಟು.

"ನಾ ಹೆಬ್ಬಟ್ಟ ಒತ್ತೀನ್ರಿ. ಈಗ ನಿಮ್ಮ ಮುಂದ ಹೇಳಿದ್ರ ತಪ್ಪಾಕ್ಕೈತೇನ್ರಿ?" ಎಂದು ಕೇಳಿದರು.

ಆ ದಿನ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಪಶುವೈದ್ಯಕೀಯ ಪದವಿಯ ಐದು ವರ್ಷದಲ್ಲಿ ಬಾಂಡ್ ಕಾಗದ ಓದುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಆಮೇಲೆ ವಕೀಲರನ್ನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ. ಊರಿನ ಹೆಸರು, ಮಾರಿದವರ ಹೆಸರು ಇಲ್ಲಿ ಬರೆಯುವುದಿಲ್ಲ. ಅವು ಕೊಡಬೇಕಾದ ಕಡೆ ಬರಹದಲ್ಲಿ ಹೋಗಿವೆ. ಇನ್ನೊಂದು ಕಾರಣವೂ ಇದೆ: ಮೊದಲ ಆಕಳು ಸತ್ತಾಗ ಮರಣೋತ್ತರ ಪರೀಕ್ಷೆ ಆಗಲಿಲ್ಲ, ಉಳಿದ ದಾಣಿ ಚೀಲವನ್ನು ಅಂಗಡಿಯವರೇ ಒಯ್ದಿದ್ದರು. ಹಾಗಾಗಿ ಎರಡೂ ಸಾವಿಗೆ ಒಂದೇ ಕಾರಣ ಎಂದು ನಾನು ಸಾಬೀತು ಮಾಡಲಾರೆ.

ಆ ತಾಯಿಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ವಾರದ ಸಂಘದ ಕಂತು ತುಂಬಬೇಕಿತ್ತು, ಆಕಳಿನ ಸಾಲ ಬಾಕಿ ಇತ್ತು, ಕೈಗೆ ಬಂದ ರೊಕ್ಕ ಬಿಟ್ಟು ಕೋರ್ಟಿಗೆ ಅಲೆಯಿರಿ ಎಂದು ಹೇಳುವುದು ಸಂಬಳ ಬರುವ ನನ್ನಂಥವಳಿಗೆ ಸುಲಭ. ಆದರೆ ಲೆಕ್ಕ ನೋಡಿ. ಆಕಳಿಗೆ ಕಿವಿಯೋಲೆ ಇತ್ತು, ವಿಮೆ ಇತ್ತು. ಮರಣೋತ್ತರ ಪರೀಕ್ಷೆ ಮತ್ತು ವೈದ್ಯರ ಪ್ರಮಾಣಪತ್ರ ಇಲ್ಲದೆ ವಿಮೆ ಹಣ ಬರುವುದಿಲ್ಲ. ಅರವತ್ತು ಸಾವಿರದ ಆಕಳಿಗೆ ಇಪ್ಪತ್ತು ಸಾವಿರ ತೆಗೆದುಕೊಂಡು ವಿಮೆಯನ್ನೂ ಕಳೆದುಕೊಂಡರು. ಇನ್ನು ಆ ಎಮ್ಮೆಯ ಮನೆಯವರಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಅವರೂ ಅದೇ ಅಂಗಡಿಯಿಂದ ಚೀಲ ತಂದರು.

ಒಂದು ರಾಜಿಯಲ್ಲಿ ಎರಡು ವ್ಯಾಪಾರ

ರಾಜಿ ಅಂದರೆ ಕೆಟ್ಟದ್ದಲ್ಲ. ಜಗಳ ಬೆಳೆಸದೆ ನಷ್ಟ ತುಂಬಿಕೊಡುವುದು, ತುಂಬಿಸಿಕೊಳ್ಳುವುದು ನಮ್ಮ ಊರುಗಳಲ್ಲಿ ಮೊದಲಿನಿಂದ ಇದೆ, ಕಾನೂನಿಗೂ ಒಪ್ಪಿಗೆ ಇದೆ. ಆದರೆ ಆ ಬಾಂಡ್ ಕಾಗದದಲ್ಲಿ ಎರಡು ವ್ಯಾಪಾರ ಸೇರಿಕೊಂಡಿದ್ದವು. ಒಂದು, ನಷ್ಟಕ್ಕೆ ಹಣ. ಅದು ನಿಮ್ಮದು, ಎಷ್ಟಕ್ಕೆ ಒಪ್ಪುತ್ತೀರಿ ಎನ್ನುವುದು ನಿಮಗೆ ಬಿಟ್ಟಿದ್ದು, ಮೊತ್ತವನ್ನು ಗುಟ್ಟಾಗಿ ಇಡುತ್ತೇನೆ ಎಂದರೂ ನಡೆಯುತ್ತದೆ. ಇನ್ನೊಂದು, ಅಪಾಯದ ಸುದ್ದಿಯನ್ನು ಹೂಳುವುದು. ಅದು ನಿಮ್ಮ ಒಬ್ಬರದಲ್ಲ. ಅದೇ ಚೀಲ ಕೊಳ್ಳುವ ಮುಂದಿನ ಮನೆಯವರದು, ಆ ಹಾಲು ಕುಡಿಯುವವರದು. ಅವರು ಆ ಬಾಂಡಿಗೆ ಸಹಿ ಹಾಕಿಲ್ಲ, ಅವರಿಗೆ ಒಂದು ರೂಪಾಯಿಯೂ ಸಿಕ್ಕಿಲ್ಲ.

ಹಾಲಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಯೂರಿಯಾ ತಿಂದ ದನ ಬೇಗ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳದಲ್ಲಿ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಹಾಗಲ್ಲ. ದನ ನಿಂತೇ ಇರುತ್ತದೆ, ಸ್ವಲ್ಪ ಮೇವು ಬಿಡುತ್ತದೆ, ಹಾಲು ತುಸು ಕಡಿಮೆಯಾಗುತ್ತದೆ, ವಿಷ ಮಾತ್ರ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಅದಕ್ಕೇ ನಮ್ಮ ದೇಶದ ಆಹಾರ ಸುರಕ್ಷತೆ ನಿಯಮದಲ್ಲಿ ಹಾಲಿನಲ್ಲಿ ಆ ವಿಷ ಒಂದು ಕಿಲೋಗೆ 0.5 ಮೈಕ್ರೋಗ್ರಾಂ ದಾಟಬಾರದು ಎಂದಿದೆ. ಒಂದು ಗ್ರಾಮನ್ನು ಹತ್ತು ಲಕ್ಷ ಭಾಗ ಮಾಡಿ ಅದರಲ್ಲಿ ಅರ್ಧ ಭಾಗ! ನಿಮ್ಮ ಹಾಲು ಕ್ಯಾನಿನಿಂದ ಶೀತಲೀಕರಣ ಕೇಂದ್ರಕ್ಕೆ ಹೋದಾಗ ಎಲ್ಲರ ಹಾಲೂ ಒಂದಾಗುತ್ತದೆ. 2013ರಿಂದ ಕ್ಷೀರಭಾಗ್ಯದಲ್ಲಿ ಶಾಲೆಯ ಮಕ್ಕಳು ಕುಡಿಯುವುದೂ ಒಕ್ಕೂಟಗಳ ಹಾಲಿನ ಪುಡಿಯೇ. ಕೆಟ್ಟ ದಾಣಿಯ ಸುದ್ದಿ ಒಬ್ಬರ ಟ್ರಂಕಿನಲ್ಲಿ ಉಳಿದರೆ ಅದು ಎಲ್ಲೆಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ.

ದನ ಮೊದಲು ಹೇಳುತ್ತದೆ

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯ್ತಿಯಲ್ಲಿ ಪಡ್ರೆ ಎಂಬ ಊರಿದೆ. ಕೇರಳಕ್ಕೆ ಸೇರಿದ್ದರೂ ಕನ್ನಡ ಮಾತಾಡುವ ಊರು. ಸುತ್ತಲಿನ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳು. 1970ರ ದಶಕದ ಕೊನೆಯಿಂದ ಆ ತೋಟಗಳಿಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸುರಿಯುತ್ತಿದ್ದರು. ಗುಡ್ಡದ ಮೇಲೆ ಸುರಿದದ್ದು ಮಳೆಗೆ ತೊಳೆದು ಕೆಳಗಿನ ತೋಡು, ಸುರಂಗ, ಬಾವಿಗೆ ಬರುತ್ತಿತ್ತು.

ಅಲ್ಲಿ ಅಪಾಯವನ್ನು ಮೊದಲು ತೋರಿಸಿದ್ದು ಮನುಷ್ಯರಲ್ಲ, ಕರುಗಳು. 1979ರ ಸುಮಾರಿಗೆ ಪಡ್ರೆಯ ಒಬ್ಬ ರೈತರ ಮನೆಯಲ್ಲಿ ಕಾಲು ತಿರುಚಿದ ಕರುಗಳು ಕಂಡವು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆಯವರು, ಮುಂದೆ 'ಅಡಿಕೆ ಪತ್ರಿಕೆ'ಯಿಂದ ಕೃಷಿಕರಿಗೆಲ್ಲ ಗೊತ್ತಾದವರು, ಅದನ್ನು ನೋಡಿ ಬರೆದರು. ವರ್ಷಗಳ ನಂತರ ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರ್ ಅವರು ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಹುಟ್ಟುವಿಕಲತೆ, ಕ್ಯಾನ್ಸರ್ ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಯಾಕೆ ಎಂದು ಲೆಕ್ಕ ಹಾಕಲು ಕೂತರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಎಂಬ ಹೆಣ್ಣುಮಗಳು ಸಿಂಪಡಣೆ ನಿಲ್ಲಿಸಲು ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ 1998ರಲ್ಲಿ ತಡೆಯಾಜ್ಞೆ ತಂದರು. ಮೇಲಿನಿಂದ ಸುರಿಯುವುದು ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದರ ತಯಾರಿಕೆ, ಮಾರಾಟ ನಿಲ್ಲಿಸಿದ್ದು 2011ರ ಮೇ 13ರಂದು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ನಮ್ಮ ಕರ್ನಾಟಕದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯೂ ಇದೇ ಗೋಳು.

ಕರುಗಳಿಂದ ಸಿಂಪಡಣೆ ನಿಲ್ಲುವವರೆಗೆ ಇಪ್ಪತ್ತು ವರ್ಷ. ಇದು ಯಾರೂ ಬಾಯಿ ಮುಚ್ಚಿಸದೆ, ಒಬ್ಬರು ಪತ್ರಿಕೆಯಲ್ಲಿ ಬರೆದ ಮೇಲೂ ಹಿಡಿದ ಕಾಲ. ಆ ಮೂರು ಕರುಗಳ ಬೆಲೆ ಕೊಟ್ಟು ಒಂದು ಬಾಂಡ್ ಬರೆಸಿಕೊಂಡಿದ್ದರೆ? ಶ್ರೀಪಡ್ರೆಯವರಿಗೆ ಬರೆಯಲು ಏನೂ ಸಿಗುತ್ತಿರಲಿಲ್ಲ. ಲೆಕ್ಕ ಶುರುವಾಗುವುದು ಇನ್ನೂ ಎಷ್ಟೋ ವರ್ಷ ತಡವಾಗುತ್ತಿತ್ತು.

ಅಮೆರಿಕದ ಒಂದು ಸಂಗತಿಯನ್ನೂ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ದನವೂ ಇದೆ, ಗುಟ್ಟಿನ ರಾಜಿಯೂ ಇದೆ, ನಮ್ಮಂಥ ಪಶುವೈದ್ಯರ ತಪ್ಪೂ ಇದೆ. ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ ವಿಲ್ಬರ್ ಟೆನೆಂಟ್ ಎಂಬ ದನಗಾರ ರೈತರಿದ್ದರು. ಅವರ ಹುಲ್ಲುಗಾವಲಿನ ಮೇಲ್ಭಾಗದ ಜಾಗವನ್ನು 1980ರ ದಶಕದಲ್ಲಿ ಡುಪಾಂಟ್ ಕಂಪನಿ ಅವರ ಕುಟುಂಬದಿಂದಲೇ ಕೊಂಡು ಅಲ್ಲಿ ಕಸ ಹೂಳತೊಡಗಿತು. ಹಳ್ಳದ ನೀರು ನೊರೆ ನೊರೆಯಾಯಿತು. ಆ ನೀರು ಕುಡಿದ ದನಗಳು ಮೈ ಒಣಗಿ, ಹಲ್ಲು ಕಪ್ಪಾಗಿ ಸತ್ತವು. ಒಟ್ಟು ನೂರಕ್ಕಿಂತ ಹೆಚ್ಚು. ಅಲ್ಲಿಯ ಡಾಕ್ಟರುಗಳು ಬರಲು ಒಪ್ಪದಿದ್ದಾಗ ಅವರೇ ಸತ್ತ ದನಗಳನ್ನು ಕೊಯ್ದು ವಿಡಿಯೋ ಮಾಡಿ ಇಟ್ಟರು. 1999ರಲ್ಲಿ ದಾವೆ ಹೂಡಿದರು. ಆಗ ಆರು ಪಶುವೈದ್ಯರ ಒಂದು ತಂಡ ವರದಿ ಕೊಟ್ಟಿತು. ಮೂವರನ್ನು ಕಂಪನಿ ಆರಿಸಿತ್ತು, ಮೂವರನ್ನು ಸರ್ಕಾರದ ಪರಿಸರ ಸಂಸ್ಥೆ. ದನ ಸತ್ತದ್ದಕ್ಕೆ ಕಾರಣ ಸರಿಯಾದ ಮೇವು ಹಾಕದಿರುವುದು, ಚಿಕಿತ್ಸೆ ಕೊಡಿಸದಿರುವುದು, ನೊಣ ನಿವಾರಿಸದಿರುವುದು ಎಂದು ಬರೆದರು. ಅಂದರೆ ಸಾಕಿದವರದೇ ತಪ್ಪು. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ನಾವು ಕೊಟ್ಟಿಗೆಗೆ ಬಂದು ಸಗಣಿ, ಸೊಳ್ಳೆ ನೋಡಿ ತಟ್ಟನೆ ನಿಮ್ಮ ಮೇಲೇ ತಪ್ಪು ಹೊರಿಸುವುದು ಇದೆಯಲ್ಲ, ಅದು ನೆನಪಾಯಿತು.

ಅವರ ವಕೀಲ ರಾಬ್ ಬಿಲಾಟ್ ಕೋರ್ಟಿನ ಮೂಲಕ ಕಂಪನಿಯ ಹಳೆಯ ಕಡತಗಳನ್ನು ತರಿಸಿ ಓದಿದರು. ನಾನ್‌ಸ್ಟಿಕ್ ಪಾತ್ರೆಗೆ ಹಚ್ಚುವ ಟೆಫ್ಲಾನ್ ತಯಾರಿಕೆಯಲ್ಲಿ ಬಳಸುವ ಸಿ-8 ಎಂಬ ರಾಸಾಯನಿಕದ ಕೆಡುಕು ಕಂಪನಿಗೆ ಮೊದಲೇ ಗೊತ್ತಿತ್ತು ಎಂದು ಆ ಕಡತಗಳಿಂದ ತಿಳಿಯಿತು. 2001ರಲ್ಲಿ ಟೆನೆಂಟರ ದಾವೆ ರಾಜಿಯಾಯಿತು, ಮೊತ್ತ ಎಷ್ಟೆಂದು ಹೊರಗೆ ಹೇಳಲಿಲ್ಲ. ಸಾಮಾನ್ಯವಾಗಿ ಅಲ್ಲಿಗೆ ಎಲ್ಲ ಮುಗಿಯಬೇಕು. ಆದರೆ ಅದೇ ವರ್ಷ ಮಾರ್ಚಿನಲ್ಲಿ ಬಿಲಾಟ್ ದಾಖಲೆಗಳ ಸಮೇತ ಸರ್ಕಾರದ ಪರಿಸರ ಸಂಸ್ಥೆಗೆ ಉದ್ದನೆಯ ಪತ್ರ ಬರೆದರು. ಅವರು ಸರ್ಕಾರಕ್ಕೆ ಮಾಹಿತಿ ಕೊಡದಂತೆ ತಡೆಯಿರಿ ಎಂದು ಕಂಪನಿ ಕೋರ್ಟನ್ನು ಕೇಳಿತು. ಕೋರ್ಟು ಒಪ್ಪಲಿಲ್ಲ. ಆ ಪತ್ರದಿಂದಲೇ ಸುತ್ತಲಿನ ಊರುಗಳ ಕುಡಿಯುವ ನೀರಿನಲ್ಲೂ ಅದೇ ವಿಷ ಇರುವುದು ಬಯಲಿಗೆ ಬಂತು. ಸುಮಾರು 70,000 ಜನರ ರಕ್ತ ಪರೀಕ್ಷೆಯಾಯಿತು. ಮೂತ್ರಪಿಂಡದ ಕ್ಯಾನ್ಸರ್, ಥೈರಾಯ್ಡ್, ಬಸುರಿಯರ ರಕ್ತದೊತ್ತಡ ಸೇರಿ ಆರು ಕಾಯಿಲೆಗಳಿಗೂ ಆ ರಾಸಾಯನಿಕಕ್ಕೂ ನಂಟು ಇರಬಹುದೆಂದು ವಿಜ್ಞಾನಿಗಳು ಹೇಳಿದರು. ಹಣ ಗುಟ್ಟಾಗಿ ಉಳಿಯಿತು, ಅಪಾಯ ಗುಟ್ಟಾಗಿ ಉಳಿಯಲಿಲ್ಲ. ಎರಡನ್ನೂ ಬೇರೆ ಮಾಡಬಹುದು ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಇದೇ. ಅಲ್ಲಿಯದೇ ಫ್ಲೋರಿಡಾ ರಾಜ್ಯದಲ್ಲಿ 1990ರಿಂದ ಒಂದು ಕಾಯ್ದೆಯೇ ಇದೆ: ಸಾರ್ವಜನಿಕರಿಗೆ ಅಪಾಯ ತರುವ ಸಂಗತಿಯನ್ನು ಮುಚ್ಚಿಡುವ ಆದೇಶವನ್ನು ಕೋರ್ಟು ಮಾಡುವಂತಿಲ್ಲ, ಅಂಥ ಕರಾರಿಗೂ ಬೆಲೆ ಇಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ

ಫ್ಲೋರಿಡಾದಂಥ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಬರಬೇಕು ಎನ್ನುವುದು ನನ್ನ ಅಭಿಪ್ರಾಯ. ಆದರೆ ಕೈ ಖಾಲಿಯೂ ಇಲ್ಲ.

ನಮ್ಮ ಕರಾರು ಕಾಯ್ದೆ 1872ರದು, ಅಜ್ಜ-ಮುತ್ತಜ್ಜರ ಕಾಲದ್ದು. ಅದರ 23ನೇ ಕಲಮು ಹೇಳುವುದು ಇಷ್ಟು: ಕರಾರಿನ ಉದ್ದೇಶ ಇನ್ನೊಬ್ಬರ ದೇಹಕ್ಕೆ ಅಥವಾ ಆಸ್ತಿಗೆ ಹಾನಿ ತರುವಂತಿದ್ದರೆ, ಬೇರೆ ಕಾನೂನನ್ನು ಸೋಲಿಸುವಂತಿದ್ದರೆ, ಸಾರ್ವಜನಿಕ ಹಿತಕ್ಕೆ ವಿರುದ್ಧವಾಗಿದ್ದರೆ ಆ ಕರಾರು ಶೂನ್ಯ. ಅದಕ್ಕೆ ಕಾಯ್ದೆಯೊಳಗೇ ಒಂದು ಉದಾಹರಣೆ ಕೊಟ್ಟಿದ್ದಾರೆ. ನಿನ್ನ ಮೇಲಿನ ದರೋಡೆ ಕೇಸನ್ನು ಬಿಡುತ್ತೇನೆ ಎಂದು ಒಬ್ಬ, ದೋಚಿದ ಮಾಲಿನ ಬೆಲೆ ಕೊಡುತ್ತೇನೆ ಎಂದು ಇನ್ನೊಬ್ಬ ಒಪ್ಪಂದ ಮಾಡಿಕೊಂಡರೆ ಅದು ಊರ್ಜಿತವಲ್ಲ. ಬಾಂಡ್ ಕಾಗದ ಎಷ್ಟು ರೂಪಾಯಿಯದಾದರೂ, ನೋಟರಿ ಸಿಕ್ಕೆ ಬಿದ್ದರೂ ಇದು ಬದಲಾಗುವುದಿಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ರಾಜಿಯಾದರೂ ಅಷ್ಟೇ. ಆ ರಾಜಿ ಕಾನೂನುಬದ್ಧವಾಗಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಮಾತ್ರ ಅದನ್ನು ದಾಖಲಿಸುತ್ತಾರೆ.

ದೊಡ್ಡ ಪ್ರಮಾಣದಲ್ಲಿ ಇದು ಭೋಪಾಲದಲ್ಲಿ ನಡೆಯಿತು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಅನಿಲ ಸೋರಿ ಸಾವಿರಾರು ಜನ, ಸಾವಿರಾರು ದನಕರು ಸತ್ತದ್ದನ್ನು ನಿಮ್ಮಲ್ಲಿ ಹಿರಿಯರು ರೇಡಿಯೋದಲ್ಲಿ ಕೇಳಿರುತ್ತೀರಿ. 1989ರ ಫೆಬ್ರುವರಿಯಲ್ಲಿ ಕಂಪನಿಗೂ ಸರ್ಕಾರಕ್ಕೂ 47 ಕೋಟಿ ಡಾಲರಿಗೆ ರಾಜಿಯಾಯಿತು, ಜೊತೆಗೆ ಕಂಪನಿಯ ಮೇಲಿನ ಕ್ರಿಮಿನಲ್ ಕೇಸುಗಳನ್ನೂ ಕೈಬಿಡಲಾಯಿತು. ಜನ ಮತ್ತೆ ಕೋರ್ಟಿಗೆ ಹೋದರು. 1991ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹಣದ ರಾಜಿಯನ್ನು ಉಳಿಸಿ, ಕ್ರಿಮಿನಲ್ ಕೇಸು ಬಿಡುವ ಭಾಗವನ್ನು ತೆಗೆದುಹಾಕಿತು. ಆ ಕೇಸಿನಲ್ಲಿ ಶಿಕ್ಷೆ ಆದದ್ದು 2010ರಲ್ಲಿ, ಅದೂ ಎರಡು ವರ್ಷದ್ದು. ಹಣವೂ ಕಡಿಮೆ, ಶಿಕ್ಷೆಯೂ ಕಡಿಮೆ ಎಂದು ಅಲ್ಲಿಯ ಹೆಣ್ಣುಮಕ್ಕಳು ಇನ್ನೂ ಹೋರಾಡುತ್ತಿದ್ದಾರೆ. ನನ್ನ ಮಾತಿಗೆ ಬೇಕಾದದ್ದು ಇಷ್ಟೇ, ಹಣದ ಭಾಗ ಬೇರೆ, ತಪ್ಪು ಮುಚ್ಚುವ ಭಾಗ ಬೇರೆ ಎಂದು ನಮ್ಮ ದೊಡ್ಡ ಕೋರ್ಟು ಕೂಡ ಬಿಡಿಸಿ ನೋಡಿದೆ.

2023ರಲ್ಲಿ ಸಂಸತ್ತು ಮಧ್ಯಸ್ಥಿಕೆ ಕಾಯ್ದೆ ಮಾಡಿತು. ಅದರಲ್ಲಿ ರಾಜಿ ಮಾತುಕತೆ ಗೌಪ್ಯ ಎಂದೇ ಇದೆ. ಆದರೆ ಸಾರ್ವಜನಿಕ ಆರೋಗ್ಯಕ್ಕೆ, ಸುರಕ್ಷತೆಗೆ ದೊಡ್ಡ ಅಪಾಯ ಕಾಣಿಸುವಂಥ ಮಾತು ಅಲ್ಲಿ ಬಂದರೆ ಅದಕ್ಕೆ ಗೌಪ್ಯತೆ ಇಲ್ಲ ಎಂದೂ ಬರೆದಿದ್ದಾರೆ. ಆ ಕಾಯ್ದೆಯನ್ನು ಹಂತ ಹಂತವಾಗಿ ಜಾರಿಗೆ ತರಲಾಗುತ್ತಿದೆ.

ಇನ್ನು ಅಂಟುರೋಗದ ವಿಷಯಕ್ಕೆ ಬಂದರೆ ಗುಟ್ಟಿಗೆ ಜಾಗವೇ ಇಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ 4ನೇ ಕಲಮಿನ ಪ್ರಕಾರ, ಪಟ್ಟಿಯಲ್ಲಿರುವ ರೋಗ ಬಂದಿದೆ ಎಂದು ಅನುಮಾನ ಬಂದರೆ ದನದ ಮಾಲೀಕರು ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯ್ತಿಗೆ ತಿಳಿಸಲೇಬೇಕು. ನಮ್ಮ ಕಡೆ ದನದ ಸಂತೆಯಲ್ಲಿ ನಡೆಯುವುದು ನಿಮಗೆ ಗೊತ್ತೇ ಇದೆ. ಆಕಳು ಏಳು ತಿಂಗಳಿಗೆ ಕಂದು ಹಾಕುತ್ತದೆ, ಕೊಂಡವರು ಮಾರಿದವರ ಮನೆಗೆ ಹೋಗಿ ಜಗಳ ಮಾಡುತ್ತಾರೆ, ಹಿರಿಯರು ಕೂತು ಅರ್ಧ ರೊಕ್ಕ ವಾಪಸು ಕೊಡಿಸುತ್ತಾರೆ, ಯಾರಿಗೂ ಹೇಳಬೇಡಿ ಎಂದು ಮಾತಾಗುತ್ತದೆ. ಆ ಆಕಳು ಮೂರನೆಯವರ ಮನೆಗೆ ಹೋಗುತ್ತದೆ. ಅದು ಬ್ರುಸೆಲ್ಲೋಸಿಸ್ ಎಂಬ ಕಂದು ರೋಗವಾಗಿದ್ದರೆ, ಬರಿಗೈಲಿ ಸತ್ತೆ ತೆಗೆದು ಕೊಟ್ಟಿಗೆ ಬಳಿಯುವ ಹೆಣ್ಣುಮಗಳಿಗೇ ಮೊದಲು ಜ್ವರ, ಕೀಲುನೋವು ಅಂಟುತ್ತದೆ. ರೋಗ ಇದೆ ಎಂದು ಗೊತ್ತಿದ್ದೂ ದನವನ್ನು ಸಂತೆಗೆ ಒಯ್ಯುವುದನ್ನು ಅದೇ ಕಾಯ್ದೆ ನಿಷೇಧಿಸಿದೆ.

ನಾಳೆ ನಿಮ್ಮ ಬಾಗಿಲಿಗೆ ಬಂದರೆ

ದೇವರು ಹಾಗೆ ಮಾಡದಿರಲಿ, ಆದರೂ ದಾಣಿ, ಔಷಧ ಅಥವಾ ನೀರಿನಿಂದ ದನ ಬಿದ್ದಿದೆ ಎಂದು ಅನುಮಾನ ಬಂದರೆ ಮೊದಲು 1962ಕ್ಕೆ ಅಥವಾ ನಿಮ್ಮ ಪಶುವೈದ್ಯರಿಗೆ ಫೋನ್ ಮಾಡಿ. ಯೂರಿಯಾ ಅನುಮಾನವಿದ್ದು ದನಕ್ಕೆ ಇನ್ನೂ ನುಂಗುವ ಶಕ್ತಿ ಇದ್ದರೆ ತಣ್ಣೀರಿಗೆ ವಿನೆಗರ್ ಬೆರೆಸಿ ಕುಡಿಸುವುದುಂಟು. ಎಷ್ಟು, ಹೇಗೆ ಎಂದು ಫೋನಿನಲ್ಲೇ ಕೇಳಿಕೊಳ್ಳಿ, ಬಿದ್ದ ದನಕ್ಕೆ ಬಾಯಲ್ಲಿ ಏನನ್ನೂ ಸುರಿಯಬೇಡಿ. ಗೋದಲಿ ತೊಳೆಯಬೇಡಿ. ಚೀಲ ಯಾರ ಕೈಗೂ ಕೊಡಬೇಡಿ, ಮಾರಿದವರೇ ಬಂದು "ಪರೀಕ್ಷೆಗೆ ಕಳಿಸ್ತೀವಿ ಕೊಡ್ರಿ" ಎಂದರೂ ಕೊಡಬೇಡಿ. ಉಳಿದ ದಾಣಿಯಿಂದ ಒಂದೊಂದು ಕಿಲೋದಷ್ಟು ಎರಡು ಒಣ ಚೀಲಗಳಿಗೆ ತುಂಬಿ, ಸಂಘದ ಕಾರ್ಯದರ್ಶಿ ಮತ್ತು ಇಬ್ಬರು ಪಂಚರ ಮುಂದೆ ಕಟ್ಟಿ, ತಾರೀಖು ಬರೆದು ಸಹಿ ಮಾಡಿಸಿ. ಚೀಲದ ಬಾಯಿಗೆ ಹೊಲಿದ ಚೀಟಿ, ಬ್ಯಾಚ್ ನಂಬರು, ಬಿಲ್ಲು ಮೂರನ್ನೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಬಿಲ್ಲು ಕೊಡದ ಅಂಗಡಿಯಲ್ಲಿ ಹತ್ತು ರೂಪಾಯಿ ಕಡಿಮೆ ಎಂದು ಕೊಳ್ಳುವ ರೂಢಿಯನ್ನು ಈಗಲೇ ಬಿಡಿ. ಚೀಲದ ಮೇಲೆ ಐಎಸ್ 2052 ಎಂಬ ಗುರುತು ಇದೆಯೇ ನೋಡಿ, ಅದು ದನದ ಸಮತೋಲನ ಆಹಾರಕ್ಕೆ ಇರುವ ಗುಣಮಟ್ಟದ ಸಂಖ್ಯೆ. ದನ ಸತ್ತರೆ ಹೂಳುವ ಮೊದಲು ಮರಣೋತ್ತರ ಪರೀಕ್ಷೆ ಆಗಲೇಬೇಕು, ಅದೂ ಬೇಗ. ಬಿಸಿಲಿಗೆ ನಾಲ್ಕಾರು ತಾಸು ಬಿದ್ದರೆ ನಮಗೂ ಏನೂ ಗೊತ್ತಾಗುವುದಿಲ್ಲ. ಆದರೆ ಮೂಗು, ಗುದದ್ವಾರದಿಂದ ಕಪ್ಪು ರಕ್ತ ಬಂದು ಸತ್ತಿದ್ದರೆ ಮುಟ್ಟಬೇಡಿ, ಕೊಯ್ಯಿಸಬೇಡಿ. ಅದು ನೆರಡಿ ರೋಗವಿರಬಹುದು, ಕೊಯ್ದರೆ ಅಪಾಯ.

ಹಣದ ಮಾತಿಗೆ ಯಾರಾದರೂ ಬಂದರೆ ಮಾತಾಡಿ, ಬೇಡ ಎನ್ನುವುದಿಲ್ಲ. ಅವತ್ತೇ ಸಹಿ ಮಾಡಬೇಡಿ. ಓದಲು ಬಾರದಿದ್ದರೆ ಮಗಳ ಕೈಲೋ ಕಾರ್ಯದರ್ಶಿಯ ಕೈಲೋ ಪೂರ್ತಿ ಓದಿಸಿ. "ಸ್ವಂತ ಕಾಯಿಲೆಯಿಂದ ಸತ್ತಿದೆ" ಎಂಬ ಸಾಲು ಇದ್ದರೆ ಹೊಡೆಸಿಹಾಕಿ, ಕಾಯಿಲೆ ಯಾವುದು ಎಂದು ಹೇಳುವುದು ವೈದ್ಯರ ಕೆಲಸ, ಅಂಗಡಿಯವರದಲ್ಲ. "ಯಾರಿಗೂ ಹೇಳತಕ್ಕದ್ದಲ್ಲ" ಎಂಬಲ್ಲಿ ಹೀಗೆ ಬರೆಸಿ: "ಈ ಘಟನೆಯನ್ನು ಪಶುವೈದ್ಯರಿಗೆ, ಹಾಲಿನ ಸಂಘಕ್ಕೆ, ಸರ್ಕಾರಿ ಅಧಿಕಾರಿಗಳಿಗೆ ಹಾಗೂ ನ್ಯಾಯಾಲಯಕ್ಕೆ ತಿಳಿಸಲು ನನಗೆ ಪೂರ್ಣ ಹಕ್ಕು ಇರುತ್ತದೆ." ಮೊತ್ತ ಹೇಳಬೇಡಿ ಎಂದರೆ ಒಪ್ಪಿಕೊಳ್ಳಿ.

ಹೀಗೆ ಕೇಳಿದರೆ ಅವರು ಹಣವನ್ನೇ ಕೊಡದೆ ಹೋಗಬಹುದು ಎನ್ನುತ್ತೀರಿ. ಹೌದು, ಹೋಗಬಹುದು. ಅದಕ್ಕೆ ನಿಮಗೆ ಇನ್ನೊಂದು ದಾರಿ ಗೊತ್ತಿರಬೇಕು. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಸಾಮಾನು ಕೊಂಡವರೂ ಗ್ರಾಹಕರೇ. ಬಿತ್ತನೆ ಬೀಜ ಕೊಂಡ ರೈತರು ಗ್ರಾಹಕರು ಎಂದು 2012ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಕೊಂಡ ಸಾಮಾನಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಅಲ್ಲಿ ರಾಜಿಯಾದರೆ ಅದು ಆಯೋಗದ ದಾಖಲೆಯಲ್ಲಿ ಇರುತ್ತದೆ. ಅದೇ ಸಾಮಾನಿನಿಂದ ಇತರರಿಗೂ ತೊಂದರೆ ಇದೆ ಎನಿಸಿದರೆ ಜಿಲ್ಲಾಧಿಕಾರಿಗಳಿಗೇ ಬರೆದುಕೊಡಬಹುದು. ಅಪಾಯಕಾರಿ ಸರಕನ್ನು ಮಾರುಕಟ್ಟೆಯಿಂದ ವಾಪಸು ತೆಗೆಸುವ ಅಧಿಕಾರ ಕೇಂದ್ರದ ಗ್ರಾಹಕ ಪ್ರಾಧಿಕಾರಕ್ಕಿದೆ. ವಿಚಾರಿಸಲು 1915ಕ್ಕೆ ಫೋನ್ ಮಾಡಬಹುದು. ವಕೀಲರಿಗೆ ಕೊಡಲು ರೊಕ್ಕ ಎಲ್ಲಿದೆ ಎಂದು ಚಿಂತೆ ಬೇಡ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆಯಲ್ಲೇ ಇದೆ. ಮುಂಡರಗಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಒಂದು ಎಚ್ಚರಿಕೆ. ಹೇಳುವ ಹಕ್ಕು ಇದೆ ಎಂದು ಪ್ರಯೋಗಾಲಯದ ವರದಿ ಬರುವ ಮೊದಲೇ ವಾಟ್ಸಾಪಿನಲ್ಲಿ "ಇಂಥವರ ದಾಣಿ ವಿಷ" ಎಂದು ಹಾಕಬೇಡಿ. ಮಾನಹಾನಿ ಕೇಸು ನಿಮ್ಮ ಮೇಲೇ ಬರುತ್ತದೆ, ನಿಜವಾದ ಅಪರಾಧಿ ಬೇರೆಯವರೂ ಇರಬಹುದು. ಕಂಡದ್ದನ್ನು ಕಂಡ ಹಾಗೆ, ಕೇಳಬೇಕಾದ ಅಧಿಕಾರಿಗೆ, ಬರಹದಲ್ಲಿ ಕೊಡಿ. ಒಳ್ಳೆಯ ಉದ್ದೇಶದಿಂದ ಹಾಗೆ ಕೊಟ್ಟ ದೂರಿಗೆ ಕಾನೂನಿನ ರಕ್ಷಣೆ ಇದೆ. ಸಂಘಗಳಿಗೂ ಒಂದು ಮಾತು. ಹಾಲಿನ ವಹಿಯ ಪಕ್ಕದಲ್ಲಿ ಒಂದು ನೂರು ಪುಟದ ನೋಟುಬುಕ್ ಇಡಿ. ಯಾರ ಮನೆಯ ದನ, ಯಾವ ತಾರೀಖು, ಏನು ತಿಂದಿತ್ತು, ಯಾವ ಬ್ಯಾಚು, ಏನಾಯಿತು. ಇಷ್ಟೇ. ಮೂರು ಊರಿನ ಮೂರು ನೋಟುಬುಕ್ ಒಟ್ಟಿಗೆ ನೋಡಿದರೆ ನನಗೆ ಗೊತ್ತಾಗುವುದು, ಒಂದು ಕೊಟ್ಟಿಗೆಯಲ್ಲಿ ನಿಂತು ಗೊತ್ತಾಗುವುದಿಲ್ಲ.

ಆ ತಾಯಿಯ ಪ್ರಶ್ನೆಗೆ ಉತ್ತರ ಕೊಡಲು ಮೂರು ವಾರದ ಮೇಲೆ ಮತ್ತೆ ಹೋದೆ. ನನ್ನ ಮುಂದೆ ಹೇಳಿದ್ದು ತಪ್ಪಲ್ಲ, ಆ ಸಾಲಿಗೆ ಕಾನೂನಿನಲ್ಲಿ ಬಲವಿಲ್ಲ ಎಂದು ಕಾನೂನು ಸೇವಾ ಸಮಿತಿಯ ವಕೀಲರು ಹೇಳಿದ್ದನ್ನು ತಿಳಿಸಿದೆ. ಅವರು ಪೂರ್ತಿ ನಂಬಿದಂತೆ ಕಾಣಲಿಲ್ಲ. "ಮನಿಯವ್ರನ್ನ ಕೇಳಿ ಹೇಳ್ತೀನ್ರಿ" ಎಂದರು. ಎರಡು ದಿನ ಬಿಟ್ಟು ಸಂಘದ ಕಾರ್ಯದರ್ಶಿಯ ಕೈಲಿ ಒಂದು ಹಾಳೆ ಕಳಿಸಿದ್ದರು. ಆಕಳು ಸತ್ತ ದಿನ ಬೆಳಿಗ್ಗೆ ಎಷ್ಟು ಗಂಟೆಗೆ ದಾಣಿ ಇಟ್ಟೆ, ಎಷ್ಟು ಹೊತ್ತಿಗೆ ಬಿತ್ತು, ಚೀಲ ಯಾರು ಒಯ್ದರು ಎಂದು ಮಗಳ ಕೈಲಿ ಬರೆಸಿ ಕೆಳಗೆ ಹೆಬ್ಬೆಟ್ಟು ಒತ್ತಿದ್ದರು. ಅದು ಈಗ ಎಮ್ಮೆಯ ಮರಣೋತ್ತರ ವರದಿಯ ಜೊತೆ ಒಂದೇ ಕಡತದಲ್ಲಿ ಇದೆ.